ಫರ್ಸಿಕಲ್ಲಿನ ಓಣಿಗಳಲ್ಲಿ ಬಾಲ್ಯ

ಕಲಬುರಗಿ ಜಿಲ್ಲೆಯ ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಮತ್ತು ಚಿಂಚೋಳಿಯಲ್ಲಿ ಬೆಳೆದವರ ಬಾಲ್ಯದ ನೆನಪುಗಳಲ್ಲಿ ಮನೆಗಿಂತ ಓಣಿಯದೇ ಹೆಚ್ಚಿನ ಪಾಲು. ಅಕ್ಕಪಕ್ಕದವರು ಇಲ್ಲಿ ಅಷ್ಟೊಂದು ಹತ್ತಿರವಾಗಲು ಜನರ ಒಳ್ಳೆಯತನವೊಂದೇ ಕಾರಣವಲ್ಲ. ಮನೆ ಕಟ್ಟಿದ ಕಲ್ಲು, ಹೊಟ್ಟೆ ಹೊರೆದ ಕೆಲಸ, ನೀರಿನ ಪಾಳಿ, ಬೇಸಿಗೆಯ ಬಿಸಿಲು ಎಲ್ಲವೂ ಸೇರಿ ಜನರನ್ನು ಬಾಗಿಲಿನಿಂದ ಹೊರಗೆ ತಂದವು.

ಭೀಮಾ ಮತ್ತು ಕಾಗಿಣಾ ನದಿಗಳ ಈ ಸೀಮೆಯ ನೆಲದಡಿ ಸುಣ್ಣದಕಲ್ಲು ಪದರಪದರವಾಗಿ ಹಾಸಿಕೊಂಡಿದೆ. ಉಳಿಯಿಟ್ಟು ಬಡಿದರೆ ಹಲಗೆಯಂತೆ ಎದ್ದು ಬರುವ ಈ ಕಲ್ಲು ದೇಶಕ್ಕೆಲ್ಲ ‘ಶಹಾಬಾದ್ ಕಲ್ಲು’ ಎಂದು ಪರಿಚಿತ. ಊರಲ್ಲಿ ಅದು ಫರ್ಸಿ. ಗೋಡೆ, ನೆಲ, ಚಾವಣಿ ಎಲ್ಲಕ್ಕೂ ಅದೇ. ಹಳೆಯ ಓಣಿಗಳಲ್ಲಿ ಮನೆಗಳು ಗೋಡೆಗೆ ಗೋಡೆ ಹಚ್ಚಿ ನಿಂತಿರುತ್ತವೆ. ಬಾಗಿಲ ಎರಡೂ ಬದಿಗೆ ಫರ್ಸಿ ಹಾಸಿದ ಕಟ್ಟಿ ಇರುತ್ತದೆ. ಸಂಜೆ ಹಿರಿಯರು ಕೂಡುವುದು, ಹೆಂಗಸರು ಪುಂಡಿಪಲ್ಲೆ ಸೋಸುವುದು, ಮಕ್ಕಳು ಪಾಠ ಬರೆಯುವುದು ಈ ಕಟ್ಟಿಯ ಮೇಲೆಯೇ.

ಕಲ್ಲಿನ ಹಿಂದೆಯೇ ರೈಲು ಮತ್ತು ಕಾರ್ಖಾನೆ ಬಂದವು. ಮುಂಬಯಿ ಕಡೆಯ ಹಳಿ ಈ ಸೀಮೆಯನ್ನು ಹಾದು 1871ರಲ್ಲಿ ರಾಯಚೂರಿನ ಹತ್ತಿರ ಮದರಾಸಿನ ಹಳಿಯನ್ನು ಕೂಡಿಕೊಂಡಿತು. 1874ರಲ್ಲಿ ನಿಜಾಮರ ರೈಲು ವಾಡಿಯಿಂದ ಚಿತ್ತಾಪುರ, ಸೇಡಂ ಮಾರ್ಗವಾಗಿ ಸಿಕಂದರಾಬಾದಿಗೆ ಓಡಿತು. ಚಿಂಚೋಳಿಗೆ ಮಾತ್ರ ಹಳಿ ಬರಲಿಲ್ಲ. ಸ್ವಾತಂತ್ರ್ಯಕ್ಕೆ ಮೊದಲೇ ಶಹಾಬಾದಿನಲ್ಲಿ ಸಿಮೆಂಟ್ ಕಾರ್ಖಾನೆಯಿತ್ತು. ವಾಡಿಯಲ್ಲಿ 1968ರಲ್ಲಿ ಎಸಿಸಿ ಸಿಮೆಂಟ್ ಕಾರ್ಖಾನೆ ಶುರುವಾಯಿತು. 1980ರ ದಶಕದಲ್ಲಿ ಮಳಖೇಡ ಮತ್ತು ಸೇಡಂನಲ್ಲೂ ಕಾರ್ಖಾನೆಗಳು ಎದ್ದವು. ಕೆಲಸ ಹುಡುಕಿ ಬಂದವರಲ್ಲಿ ತೆಲುಗರು, ಮರಾಠಿಗರು, ತಮಿಳರು, ಉತ್ತರದ ಹಿಂದಿ ಮಾತಿನವರು ಎಲ್ಲರೂ ಇದ್ದರು. 1956ರವರೆಗೂ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದ ಈ ಸೀಮೆಯಲ್ಲಿ ದಖ್ಖನಿ ಉರ್ದು ಮೊದಲೇ ಮನೆಮಾತಾಗಿತ್ತು. ಹೀಗಾಗಿ ಕಾರ್ಖಾನೆ, ರೈಲ್ವೆ ಕ್ವಾರ್ಟರ್ಸಿನ ಮಕ್ಕಳು ಶಾಲೆಗೆ ಸೇರುವ ಮೊದಲೇ ಮೂರ್ನಾಲ್ಕು ಭಾಷೆಗಳಲ್ಲಿ ಜಗಳವಾಡುವಷ್ಟು ಪಳಗುತ್ತಿದ್ದರು.

ಪಾಳಿಯ ಕೆಲಸ ಮಕ್ಕಳ ದಿನಚರಿಯನ್ನೂ ತಿದ್ದಿತು. ರಾತ್ರಿಪಾಳಿ ಮುಗಿಸಿದ ತಂದೆ ಹಗಲು ಮಲಗಿದರೆ ಆ ಮನೆಯಲ್ಲಿ ಗದ್ದಲ ಮಾಡುವಂತಿಲ್ಲ. ಮಕ್ಕಳು ಪಕ್ಕದ ಮನೆ ಸೇರುತ್ತಿದ್ದರು. ಗೂಡ್ಸ್ ಗಾಡಿಯ ಮೇಲೆ ಹೋದ ಡ್ರೈವರ್, ಗಾರ್ಡ್ ಮನೆಗೆ ಮರಳುವ ಹೊತ್ತು ಗೊತ್ತಿರುತ್ತಿರಲಿಲ್ಲ. ಯಾರ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳಿತೋ ಅಲ್ಲಿ ಒಂದು ಬಿಸಿ ರೊಟ್ಟಿ, ಮೇಲಿಷ್ಟು ಹಿಂಡಿ ಸಿಗುತ್ತಿತ್ತು. ಓಣಿಯವರೆಲ್ಲ ಕಾಕಾ, ಕಾಕು, ಅತ್ತಿ, ಮಾಮಾ, ಮುತ್ಯಾ, ಆಯಿ, ಚಾಚಾ, ಖಾಲಾ ಆಗಿದ್ದರು. ಉಣಬಡಿಸುವ ಕೈಗೆ ಕಿವಿ ಹಿಂಡುವ ಅಧಿಕಾರವೂ ಇತ್ತು.

ನೀರು ಇನ್ನೊಂದು ಕೂಟ. ಬೀದಿಯ ನಲ್ಲಿ ಅಥವಾ ಬೋರಿಂಗ್ ಮುಂದೆ ಕೊಡಗಳ ಪಾಳಿ ಹಚ್ಚುವುದು ಮಕ್ಕಳ ಕೆಲಸ. ಊರಿನ ಸುದ್ದಿ ಅಲ್ಲೇ ಹುಟ್ಟಿ, ಅಲ್ಲಿಂದಲೇ ಮನೆಮನೆಗೆ ಹೋಗುತ್ತಿತ್ತು. ಉಷ್ಣಾಂಶ 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ಹಗಲು ಕಾದ ಕಲ್ಲಿನ ಮನೆ ರಾತ್ರಿಯೂ ಆರುವುದಿಲ್ಲ. ಆಗ ಎಲ್ಲರ ಹಾಸಿಗೆ ಮಾಳಿಗೆ ಏರುತ್ತಿತ್ತು. ಒಂದಕ್ಕೊಂದು ಅಂಟಿದ ಮಾಳಿಗೆಗಳ ಮೇಲೆ ಒಬ್ಬ ಅಜ್ಜಿ ಹೇಳುವ ಕತೆಗೆ ನಾಲ್ಕು ಮನೆಯ ಮಕ್ಕಳು ಹೂಂಗುಡುತ್ತಿದ್ದರು.

ಆಟಕ್ಕೂ ಫರ್ಸಿಯೇ ಆಧಾರ. ಇದ್ದಿಲಿನಲ್ಲಿ ಗೆರೆ ಎಳೆದರೆ ಕುಂಟಾಟದ ಮನೆ. ಕಟ್ಟಿಯ ಕಲ್ಲಿನಲ್ಲಿ ಕೊರೆದಿಟ್ಟ ಚೌಕಾಬಾರದ ಮನೆಗಳ ಮೇಲೆ ಹುಣಸೆಬೀಜ, ಕವಡೆ ಉರುಳುತ್ತಿದ್ದವು. ಚಿಪ್ಪುಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿದರೆ ಲಗೋರಿ ಸಿದ್ಧ. ಗೋಲಿ, ಬುಗುರಿ, ಚಿನ್ನಿದಾಂಡುಗಳಿಗೆ ಒಂದೊಂದು ಹಂಗಾಮು.

ಹಬ್ಬಗಳಲ್ಲಿ ಓಣಿಯೇ ಒಂದು ಮನೆಯಾಗುತ್ತಿತ್ತು. ಮಣ್ಣೆತ್ತಿನ ಅಮಾವಾಸ್ಯೆಗೆ ಮಕ್ಕಳು ಕರಿಮಣ್ಣಿನಲ್ಲಿ ಎತ್ತು ಮಾಡುತ್ತಿದ್ದರು. ಪಂಚಮಿಗೆ ಬೇವಿನ ಮರಕ್ಕೆ ಜೋಕಾಲಿ. ದಸರೆಯಂದು ಬನ್ನಿ ಕೊಟ್ಟು ಹಿರಿಯರ ಕಾಲಿಗೆ ಬೀಳಲು ಮನೆಮನೆ ತಿರುಗಾಟ. ಎಳ್ಳಮಾವಾಸ್ಯೆಗೆ ಹೊಲವಿದ್ದವರು ಹೊಲವಿಲ್ಲದ ನೆರೆಯವರನ್ನೂ ಕರೆದೊಯ್ದು, ಚರಗ ಚೆಲ್ಲಿ, ಭಜ್ಜಿ, ಕಡಬು ಉಣಿಸುತ್ತಿದ್ದರು. ಮೊಹರಂನಲ್ಲಿ ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರಲ್ಲಿ ಹಿಂದೂಗಳೂ ಇರುತ್ತಿದ್ದರು. ಹರಕೆ ಹೊತ್ತ ಮನೆಯ ಮಕ್ಕಳು ಹಬ್ಬದ ಮಟ್ಟಿಗೆ ಫಕೀರರಾಗುತ್ತಿದ್ದರು.

ಈ ಆಪ್ತತೆಗೆ ಗಡಿಗಳೂ ಇದ್ದವು. ಹಳೆಯ ಊರಿನ ಓಣಿಗಳು ಬಹುಮಟ್ಟಿಗೆ ಜಾತಿಯ ಲೆಕ್ಕದಲ್ಲಿ ಹಂಚಿಹೋಗಿದ್ದವು. ದಲಿತ ಕೇರಿಯ ಮಗು ಎಲ್ಲ ಕಟ್ಟಿಗಳನ್ನೂ ಏರುವಂತಿರಲಿಲ್ಲ. ಕಾರ್ಖಾನೆ ಮತ್ತು ರೈಲ್ವೆ ಕ್ವಾರ್ಟರ್ಸುಗಳಲ್ಲಿ ಮನೆ ಸಿಗುತ್ತಿದ್ದುದು ಹುದ್ದೆಯ ಮೇಲೆ. ಅಲ್ಲಿ ಜಾತಿಯ ಗೆರೆ ಸ್ವಲ್ಪ ಮಸುಕಾದರೂ ಸಾಹೇಬರ ಬಂಗಲೆ ಮತ್ತು ಕಾರ್ಮಿಕರ ಸಾಲುಮನೆಗಳ ನಡುವೆ ಹೊಸ ಗೆರೆ ಬಿತ್ತು. ಹುಡುಗಿಯರ ಆಟವಂತೂ ದೀಪ ಹಚ್ಚುವ ಹೊತ್ತಿಗೆ ಮುಗಿಯುತ್ತಿತ್ತು.

ಬದಲಾವಣೆ ಒಂದೇ ಏಟಿಗೆ ಬರಲಿಲ್ಲ. 1987ರಲ್ಲಿ ದೂರದರ್ಶನದ ‘ರಾಮಾಯಣ’ ಶುರುವಾದಾಗ ಟಿವಿ ಇದ್ದ ಒಂದು ಮನೆಗೆ ಇಡೀ ಓಣಿ ಸೇರುತ್ತಿತ್ತು. ಮನೆಗೊಂದು ಟಿವಿ ಬಂದ ಮೇಲೆ ಆ ಕೂಟ ಕರಗಿತು. ನೀರು ಮನೆಯೊಳಗೆ ಬಂದು ನಲ್ಲಿಯ ಪಾಳಿ ತಪ್ಪಿತು. ಫ್ಯಾನು, ಕೂಲರು ಬಂದು ಮಾಳಿಗೆಯ ನಿದ್ದೆ ಹೋಯಿತು. ಶಹಾಬಾದಿನ ಹಳೆಯ ಸಿಮೆಂಟ್ ಕಾರ್ಖಾನೆ ಮುಚ್ಚಿದಾಗ ಅನೇಕ ಕುಟುಂಬಗಳು ಊರು ಬಿಟ್ಟವು. ಹೊಸ ಬಡಾವಣೆಗಳಲ್ಲಿ ಕಟ್ಟಿಯ ಜಾಗಕ್ಕೆ ಕಾಂಪೌಂಡ್ ಗೋಡೆ ಬಂದಿದೆ. ಹೆಂಗಸರ ಹೆಗಲಿನಿಂದ ಕೊಡದ ಭಾರ ಇಳಿದದ್ದು, ಮಕ್ಕಳಿಗೆ ಓದಲು ಸ್ವಂತ ಕೋಣೆ ಸಿಕ್ಕಿದ್ದು ಸಣ್ಣ ಲಾಭವಲ್ಲ. ಆದರೆ ಬೇರೆ ಮನೆಯ ಮಗುವನ್ನು ಹೆಸರು ಹಿಡಿದು ಕರೆಯಲು, ಗದರಲು, ಉಣಿಸಲು ದಿನವೂ ಒದಗುತ್ತಿದ್ದ ನೆಪಗಳು ಇದರೊಂದಿಗೇ ಕಡಿಮೆಯಾದವು. ಹಳೆಯ ಓಣಿಗಳಲ್ಲಿ ಅವು ಹಬ್ಬಗಳಿಗೂ ಬೇಸಿಗೆ ರಜೆಗೂ ಉಳಿದಿವೆ.