ಮೇಧಾವಿ ಮಗುವೂ ಮೇಲಿನ ಗಣಿತವೂ

ಒಂಬತ್ತು ವರ್ಷದ ಮಗುವೊಂದು ಬೀಜಗಣಿತದ ಲೆಕ್ಕಗಳನ್ನು ತಾನಾಗಿಯೇ ಬಿಡಿಸತೊಡಗಿದರೆ ತಂದೆತಾಯಿಗಳು ಮಾಡತಕ್ಕುದೇನು? ಮೇಲಿನ ತರಗತಿಗೆ ಏರಿಸಬೇಕೆ? ಓರಗೆಯವರೊಡನೆಯೇ ಇರಿಸಬೇಕೆ?

ಶ್ರೀನಿವಾಸ ರಾಮಾನುಜನ್ನರ ಉದಾಹರಣೆಯು ನಮ್ಮ ಕಣ್ಮುಂದಿದೆ. 1904ರಲ್ಲಿ ವಿದ್ಯಾರ್ಥಿವೇತನದೊಡನೆ ಕುಂಭಕೋಣದ ಕಾಲೇಜನ್ನು ಸೇರಿದ ಅವರು ಗಣಿತದಲ್ಲಿಯೇ ಮುಳುಗಿ, ಇಂಗ್ಲಿಷಿನಲ್ಲಿ ತೇರ್ಗಡೆಯಾಗದೆ, ಆ ವೇತನವನ್ನು ಕಳೆದುಕೊಂಡರು. ಎಲ್ಲ ವಿಷಯಗಳಲ್ಲಿಯೂ ಸಮನಾಗಿ ನಡೆಯಬೇಕೆಂಬ ನಿಯಮವು ಅಂತಹ ಪ್ರತಿಭೆಯನ್ನೂ ಹೊರಗೆ ನಿಲ್ಲಿಸಿತು.

ಆಸ್ಟ್ರೇಲಿಯದ ಟೆರೆನ್ಸ್ ಟಾವೋ ಅವರ ಬಾಲ್ಯದಲ್ಲಿ ಹಿಡಿದ ದಾರಿಯೇ ಬೇರೆ. ಒಂಬತ್ತನೆಯ ವಯಸ್ಸಿಗೆ ಗಣಿತಕ್ಕೆ ವಿಶ್ವವಿದ್ಯಾಲಯ. ಉಳಿದ ಪಾಠಗಳಿಗೆ ಶಾಲೆಯೇ. 2006ರಲ್ಲಿ ಅವರಿಗೆ ಗಣಿತದ ಶ್ರೇಷ್ಠ ಗೌರವಗಳಲ್ಲೊಂದಾದ ಫೀಲ್ಡ್ಸ್ ಪದಕವು ಲಭಿಸಿತು.

ಇದರಿಂದ ತಿಳಿಯತಕ್ಕುದಿಷ್ಟು: ಮಗುವನ್ನು ಇಡಿಯಾಗಿ ಮೇಲಕ್ಕೆ ಎಳೆಯುವುದೂ ಬೇಡ, ಇಡಿಯಾಗಿ ತಡೆದು ನಿಲ್ಲಿಸುವುದೂ ಬೇಡ. ಹಸಿವಿರುವ ವಿಷಯವೊಂದರಲ್ಲಿ ಮಾತ್ರ ಮುಂದೆ ಹೋಗಗೊಡಬೇಕು. ಆದರೆ ಆ ಹಸಿವು ಮಗುವಿನದೋ, ನೆರೆಹೊರೆಯಲ್ಲಿ ಮೆರೆಯಬಯಸುವ ನಮ್ಮದೋ ಎಂಬುದನ್ನು ಮೊದಲು ಪರೀಕ್ಷಿಸಿಕೊಳ್ಳಬೇಕು. ತಾನಾಗಿ ಲೆಕ್ಕಕ್ಕೆ ಕೂರುವ ಮಗುವಿಗೆ ‘ಅದು ಮುಂದಿನ ವರ್ಷದ ಪಾಠ’ ಎನ್ನುವುದು ಅನ್ಯಾಯ; ಕೂರಲೊಲ್ಲದ ಮಗುವನ್ನು ಕೂರಿಸುವುದು ಅದಕ್ಕಿಂತಲೂ ದೊಡ್ಡ ಅನ್ಯಾಯ.