ಕ್ರೆಡಿಟ್ ಸೊಸೈಟಿಯ ವಿದ್ಯಾರ್ಥಿವೇತನ: ಹಣ ಯಾರದು, ಸಲ್ಲಬೇಕಾದುದು ಯಾರಿಗೆ?

ಹತ್ತನೆಯ ತರಗತಿಯ ಫಲಿತಾಂಶ ಪ್ರಕಟವಾದೊಡನೆ ಮುಂಬಯಿಯ ನಮ್ಮ ಸಂಘ-ಸಂಸ್ಥೆಗಳಲ್ಲಿ ಪ್ರತಿಭಾ ಪುರಸ್ಕಾರದ ಸಮಾರಂಭಗಳು ಸಾಲುಗಟ್ಟುತ್ತವೆ. ಅನೇಕ ಸಹಕಾರಿ ಕ್ರೆಡಿಟ್ ಸೊಸೈಟಿಗಳೂ ತಮ್ಮ ಸದಸ್ಯರ ಮಕ್ಕಳಿಗೆ ವಿದ್ಯಾರ್ಥಿವೇತನ ನೀಡಿ ಗೌರವಿಸುತ್ತವೆ. ನಾವೆಲ್ಲರೂ ಸಂತೋಷದಿಂದ ಚಪ್ಪಾಳೆ ತಟ್ಟುತ್ತೇವೆ. ಆದರೆ ಆ ಲಕೋಟೆಯಲ್ಲಿರುವ ಹಣ ಯಾವ ದಾರಿಯಿಂದ ಬಂತೆಂದು ವಿಚಾರಿಸುವವರು ವಿರಳ.

ಪತ್ತಿನ ಸಹಕಾರಕ್ಕೂ ಕನ್ನಡ ನಾಡಿಗೂ ಹಳೆಯ ನಂಟಿದೆ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದ ಮರುವರ್ಷವೇ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಪತ್ತಿನ ಸಂಘ ಹುಟ್ಟಿತು. 1906ರಲ್ಲಿ ಮುಂಬಯಿಯಲ್ಲಿ ಶ್ರೀಪಾದ ಸುಬ್ಬರಾವ್ ತಲ್ಮಕಿಯವರು ಶಾಮರಾವ್ ವಿಠಲ ಕೈಕಿಣಿಯವರ ಹೆಸರಿನಲ್ಲಿ ಆರಂಭಿಸಿದ ಸಂಘವು ಎಸ್‌ವಿಸಿ ಬ್ಯಾಂಕ್ ಆಗಿ ಬೆಳೆಯಿತು. 1916ರಲ್ಲಿ ಮಂಗಳೂರಿನ ಕ್ಯಾಥೊಲಿಕರು ಇದೇ ನಗರದಲ್ಲಿ ಕಟ್ಟಿದ ಸಂಘವು ಮುಂದೆ ಮಾಡೆಲ್ ಸಹಕಾರಿ ಬ್ಯಾಂಕ್ ಆಯಿತು. ಊರು ಬಿಟ್ಟು ಬಂದವರಿಗೆ ಜಾಮೀನು ನಿಲ್ಲುವವರಿಲ್ಲದ ಕಾಲದಲ್ಲಿ ಪರಸ್ಪರ ನಂಬಿಕೆಯೇ ಅವರ ಬಂಡವಾಳವಾಗಿತ್ತು.

ಈಗ ಲೆಕ್ಕಕ್ಕೆ ಬರೋಣ. ಸೊಸೈಟಿಯು ಸದಸ್ಯರ ಠೇವಣಿಗೆ ಬಡ್ಡಿ ಕೊಡುತ್ತದೆ, ಸಾಲದ ಮೇಲೆ ಬಡ್ಡಿ ಪಡೆಯುತ್ತದೆ. ಖರ್ಚು ಕಳೆದು ಉಳಿಯುವುದೇ ನಿವ್ವಳ ಲಾಭ. 1960ರ ಮಹಾರಾಷ್ಟ್ರ ಸಹಕಾರಿ ಸಂಘಗಳ ಕಾಯಿದೆಯಂತೆ ಅದರ ನಾಲ್ಕನೆಯ ಒಂದು ಭಾಗ ಮೀಸಲು ನಿಧಿಗೆ ಹೋಗಬೇಕು. ಡಿವಿಡೆಂಡು ಶೇಕಡಾ 15ನ್ನು ಮೀರಬಾರದು. ಮೀಸಲು ನಿಧಿ ಮತ್ತು ಸಹಕಾರಿ ಶಿಕ್ಷಣ ನಿಧಿಗೆ ಸಲ್ಲಬೇಕಾದುದು ಸಂದ ಮೇಲೆ, ನಿಗದಿತ ಒಪ್ಪಿಗೆ ಪಡೆದು, ನಿವ್ವಳ ಲಾಭದ ಶೇಕಡಾ 20ರವರೆಗೆ ಸಹಕಾರಿ, ಧರ್ಮಾರ್ಥ ಅಥವಾ ಸಾರ್ವಜನಿಕ ಉದ್ದೇಶಕ್ಕೆ ತೆಗೆದಿಡಬಹುದು. ವಿದ್ಯಾರ್ಥಿವೇತನಕ್ಕೆ ಇದೇ ಹಾದಿ. ಶಿಕ್ಷಣ ನಿಧಿ ಎಂಬ ಹೆಸರು ಕೇಳಿ ಅದು ಮಕ್ಕಳ ಶುಲ್ಕಕ್ಕೆಂದು ತಿಳಿಯಬಾರದು. ಅದು ಸಹಕಾರ ತತ್ತ್ವದ ಶಿಕ್ಷಣ ಮತ್ತು ತರಬೇತಿಗೆ ಮೀಸಲು.

ಒಂದು ಉದಾಹರಣೆ ನೋಡೋಣ. 2,000 ಸದಸ್ಯರಿರುವ ಸೊಸೈಟಿಯೊಂದು 10 ಲಕ್ಷ ರೂಪಾಯಿ ನಿವ್ವಳ ಲಾಭ ಗಳಿಸಿತೆನ್ನೋಣ. ಎರಡೂವರೆ ಲಕ್ಷ ಮೀಸಲು ನಿಧಿಗೆ ಸೇರಿತು. ಒಂದು ಲಕ್ಷವನ್ನು ವಿದ್ಯಾರ್ಥಿವೇತನಕ್ಕೆ ತೆಗೆದಿಟ್ಟರೆ ಹತ್ತು ಮಕ್ಕಳಿಗೆ ತಲಾ ಹತ್ತು ಸಾವಿರ ದೊರೆಯುತ್ತದೆ. ಸದಸ್ಯನೊಬ್ಬ ಬಿಟ್ಟುಕೊಡುವುದು ಸರಾಸರಿ ವರ್ಷಕ್ಕೆ ಐವತ್ತು ರೂಪಾಯಿ ಮಾತ್ರ. ವೇದಿಕೆಯಲ್ಲಿ ಲಕೋಟೆ ನೀಡುವವರು ಅಧ್ಯಕ್ಷರಾದರೂ ದಾನಿಗಳು ಸಭಿಕರೇ!

ಹಾಗಿರುವಾಗ ಆಯ್ಕೆಯ ವಿಷಯದಲ್ಲಿ ಸದಸ್ಯರು ಮೌನವಾಗಿರುವುದು ತರವಲ್ಲ. ಅಂಕವೊಂದನ್ನೇ ಅಳತೆಗೋಲು ಮಾಡಿದರೆ, ಕೋಚಿಂಗ್ ಕ್ಲಾಸಿಗೆ ದುಬಾರಿ ಶುಲ್ಕ ತೆತ್ತು ಶೇಕಡಾ 92 ಪಡೆದವನಿಗೆ ವೇತನ ಸಲ್ಲುತ್ತದೆ. ಕ್ಯಾಂಟೀನಿನಲ್ಲಿ ತಂದೆಗೆ ನೆರವಾಗುತ್ತ ಶೇಕಡಾ 65 ಪಡೆದವಳು ಹನ್ನೊಂದನೆಯ ತರಗತಿಯ ಶುಲ್ಕಕ್ಕೆ ಪರದಾಡುತ್ತಾಳೆ. ಹಗಲು ಹೋಟೆಲುಗಳಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಗಳಲ್ಲಿ ಓದಿದ ಹಿರಿಯರ ನಗರವಿದು. ಅವರಲ್ಲಿ ಎಷ್ಟು ಮಂದಿ ಅಂಕದ ಪಟ್ಟಿಯಲ್ಲಿ ಮೊದಲಿಗರಾಗಿದ್ದರು? ಪ್ರತಿಭೆಗೆ ಪುರಸ್ಕಾರವಿರಲಿ, ಶಾಲು-ಫಲಕಗಳೂ ಇರಲಿ. ಆದರೆ ಹಣದ ಹೆಚ್ಚಿನ ಪಾಲು ಕುಟುಂಬದ ಆದಾಯವನ್ನು ನೋಡಿ ಹಂಚಿಕೆಯಾಗಬೇಕೆಂಬುದು ನಮ್ಮ ಅಭಿಪ್ರಾಯ.

ಸಮಯವೂ ಅಷ್ಟೇ ಮುಖ್ಯ. ಪ್ರವೇಶ ಶುಲ್ಕ ಕಟ್ಟಬೇಕಾದುದು ಫಲಿತಾಂಶ ಬಂದ ಕೆಲವೇ ವಾರಗಳಲ್ಲಿ. ಸಮಾರಂಭವು ದೀಪಾವಳಿಯ ಹೊತ್ತಿಗೆ ನಡೆದರೆ ಅಷ್ಟರಲ್ಲಿ ಮನೆಯ ಬಂಗಾರ ಅಡವಿಗೆ ಹೋಗಿರುತ್ತದೆ. ಹಿಂದಿನ ಮಹಾಸಭೆಯಲ್ಲೇ ನಿಧಿಯನ್ನು ತೆಗೆದಿರಿಸಿ, ಫಲಿತಾಂಶ ಬಂದೊಡನೆ ಅರ್ಜಿ ಸ್ವೀಕರಿಸಿ, ಹಣವನ್ನು ನೇರವಾಗಿ ವಿದ್ಯಾರ್ಥಿಯ ಖಾತೆಗೆ ಜಮಾ ಮಾಡುವುದು ಲೇಸು. ಸನ್ಮಾನ ತಡವಾದರೂ ನಷ್ಟವಿಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಬ್ಯಾಂಕ್ ಠೇವಣಿಗಳಿಗೆ 5 ಲಕ್ಷ ರೂಪಾಯಿಯವರೆಗೆ ಇರುವ ವಿಮೆಯು ಕ್ರೆಡಿಟ್ ಸೊಸೈಟಿಯ ಠೇವಣಿಗಳಿಗೆ ಅನ್ವಯಿಸುವುದಿಲ್ಲ. ಆದ್ದರಿಂದ ಸಾಲ ವಸೂಲಾತಿ ಸಡಿಲವಾಗಿರುವ ಸೊಸೈಟಿ ಹೆಸರಿಗಾಗಿ ಧಾರಾಳವಾಗಿ ಹಂಚುವುದು ಧರ್ಮವಲ್ಲ. ವೇತನವು ಲಾಭದಿಂದ ಬರಬೇಕೇ ಹೊರತು ಠೇವಣಿದಾರರ ಗಂಟಿನಿಂದಲ್ಲ.

ವಾರ್ಷಿಕ ಮಹಾಸಭೆಯ ನೋಟೀಸು ಮನೆಗೆ ಬಂದಾಗ ಅದನ್ನು ಬದಿಗಿಡದೆ ಲಾಭ ವಿಂಗಡಣೆಯ ಪುಟವನ್ನೊಮ್ಮೆ ಓದಿರಿ. ವಿದ್ಯಾರ್ಥಿವೇತನಕ್ಕೆ ಎಷ್ಟು, ಯಾರಿಗೆ, ಯಾವಾಗ ಎಂಬ ಮೂರು ಪ್ರಶ್ನೆಗಳನ್ನು ಸಭೆಯಲ್ಲಿ ಕೇಳಿರಿ. ಕೇಳುವ ಹಕ್ಕು ಒಂದು ಪಾಲು ಹೊಂದಿದವರಿಗೂ ನೂರು ಪಾಲು ಹೊಂದಿದವರಿಗೂ ಸಮಾನವಾದುದು.