ಅಭಿಯೋಜಕನ ಅಧಿಕಾರ

ಅಪರಾಧ ನಡೆದಾಗ ಸರ್ಕಾರದ ಪರವಾಗಿ ನ್ಯಾಯಾಲಯದಲ್ಲಿ ಮೊಕದ್ದಮೆ ಹೂಡಿ ವಾದಿಸುವ ಅಧಿಕಾರಿಗೆ ಅಭಿಯೋಜಕನೆಂದು ಹೆಸರು. ಯಾರ ಮೇಲೆ ಆಪಾದನೆ ಹೊರಿಸಬೇಕು, ಯಾರನ್ನು ಬಿಡಬೇಕು ಎಂಬುದನ್ನು ನಿರ್ಧರಿಸುವಲ್ಲಿ ಅವನ ಮಾತಿಗೆ ಹೆಚ್ಚಿನ ತೂಕವುಂಟು. ಅವನು ಎಡವಿದರೆ ನಿರಪರಾಧಿಯ ಮಾನಪ್ರಾಣಗಳಿಗೇ ಕುತ್ತು. ಇಂತಹ ಅಧಿಕಾರಿಯನ್ನು ಅಂಕೆಯಲ್ಲಿಡುವವರು ಯಾರು?

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಈ ಹೊಣೆ ಕಾರ್ಯಾಂಗಕ್ಕೆ ಸೇರಿದೆ. ಅಟಾರ್ನಿ ಜನರಲ್ ಹುದ್ದೆಯೂ ಜಿಲ್ಲಾ ಅಭಿಯೋಜಕರ ಹುದ್ದೆಗಳೂ 1789ರ ಕಾಯಿದೆಯಿಂದ ಹುಟ್ಟಿದವು. 1870ರಲ್ಲಿ ನ್ಯಾಯ ಇಲಾಖೆ ಸ್ಥಾಪಿತವಾಯಿತು. ದೇಶದ 94 ನ್ಯಾಯಿಕ ಜಿಲ್ಲೆಗಳಿಗೆ 93 ಮಂದಿ ಮುಖ್ಯ ಅಭಿಯೋಜಕರಿದ್ದಾರೆ. ಸೆನೆಟ್ಟಿನ ಒಪ್ಪಿಗೆ ಪಡೆದು ಅಧ್ಯಕ್ಷನು ಅವರನ್ನು ನಾಲ್ಕು ವರ್ಷಗಳ ಅವಧಿಗೆ ನೇಮಿಸುತ್ತಾನೆ. ಅವರನ್ನು ತೆಗೆದುಹಾಕುವ ಅಧಿಕಾರವೂ ಅವನಿಗುಂಟು. ಕಾನೂನುಗಳು ನಿಷ್ಠೆಯಿಂದ ಜಾರಿಯಾಗುವಂತೆ ನೋಡಿಕೊಳ್ಳುವುದು ಸಂವಿಧಾನವು ಅಧ್ಯಕ್ಷನಿಗೆ ವಿಧಿಸಿದ ಕರ್ತವ್ಯ. ಅಭಿಯೋಜಕರು ತಪ್ಪಿದರೆ ಜನರು ಅಧ್ಯಕ್ಷನನ್ನು ಪ್ರಶ್ನಿಸಬಹುದು.

ಆದರೆ ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು? 1973ರಲ್ಲಿ ಈ ಪ್ರಶ್ನೆ ಉಗ್ರರೂಪ ತಾಳಿತು. ವಾಟರ್‌ಗೇಟ್ ಹಗರಣದ ವಿಚಾರಣೆಗೆ ನೇಮಕಗೊಂಡಿದ್ದ ವಿಶೇಷ ಅಭಿಯೋಜಕ ಆರ್ಚಿಬಾಲ್ಡ್ ಕಾಕ್ಸ್, ಶ್ವೇತಭವನದ ಸಂಭಾಷಣೆಗಳ ಧ್ವನಿಸುರುಳಿಗಳನ್ನು ಒಪ್ಪಿಸಬೇಕೆಂದು ಪಟ್ಟುಹಿಡಿದರು. ಅಕ್ಟೋಬರ್ 20ರಂದು ಅಧ್ಯಕ್ಷ ರಿಚರ್ಡ್ ನಿಕ್ಸನ್ ಅವರನ್ನು ವಜಾ ಮಾಡುವಂತೆ ಆಜ್ಞಾಪಿಸಿದರು. ಅಟಾರ್ನಿ ಜನರಲ್ ಎಲಿಯಟ್ ರಿಚರ್ಡ್‌ಸನ್ ಆ ಆಜ್ಞೆಯನ್ನು ಪಾಲಿಸದೆ ರಾಜೀನಾಮೆಯಿತ್ತರು. ಅವರ ಸಹಾಯಕರಾದ ವಿಲಿಯಂ ರಕಲ್ಸ್‌ಹೌಸ್ ಸಹ ನಿರಾಕರಿಸಿ ಹುದ್ದೆ ತೊರೆದರು. ಕೊನೆಗೆ ಇಲಾಖೆಯ ಮೂರನೆಯ ಅಧಿಕಾರಿಯಾದ ರಾಬರ್ಟ್ ಬೋರ್ಕ್ ಆಜ್ಞೆಯನ್ನು ನೆರವೇರಿಸಿದರು.

ದೇಶದಾದ್ಯಂತ ಜನಾಕ್ರೋಶ ಭುಗಿಲೆದ್ದಿತು. ಬೇರೊಬ್ಬ ವಿಶೇಷ ಅಭಿಯೋಜಕನನ್ನು ನೇಮಿಸುವುದು ಅನಿವಾರ್ಯವಾಯಿತು. 1974ರ ಜುಲೈ 24ರಂದು ಸರ್ವೋಚ್ಚ ನ್ಯಾಯಾಲಯವು ಧ್ವನಿಸುರುಳಿಗಳನ್ನು ಒಪ್ಪಿಸಬೇಕೆಂದು ಒಮ್ಮತದಿಂದ ತೀರ್ಪಿತ್ತಿತು. ಆಗಸ್ಟ್ 9ರಂದು ನಿಕ್ಸನ್ ಅಧಿಕಾರ ತ್ಯಜಿಸಿದರು.

ಉನ್ನತ ಪದಾಧಿಕಾರಿಗಳ ವಿಚಾರಣೆಗೆ ನ್ಯಾಯಾಧೀಶರೇ ಸ್ವತಂತ್ರ ಅಭಿಯೋಜಕರನ್ನು ನೇಮಿಸುವ ಕಾಯಿದೆ 1978ರಲ್ಲಿ ಬಂದಿತು. 1988ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಆದರೆ ಹೀಗೆ ನೇಮಕಗೊಂಡವರು ಯಾರಿಗೂ ಉತ್ತರದಾಯಿಗಳಲ್ಲವೆಂಬ ಆಕ್ಷೇಪ ಬೆಳೆಯಿತು. 1999ರಲ್ಲಿ ಅವಧಿ ಮುಗಿದಾಗ ಕಾಯಿದೆಯನ್ನು ನವೀಕರಿಸಲಿಲ್ಲ.

ಅಂಕೆಯಿಲ್ಲದ ಅಭಿಯೋಜಕ ಪ್ರಜೆಗೆ ಅಪಾಯಕಾರಿ; ಆಳುವವನ ಕೈಗೊಂಬೆಯಾದ ಅಭಿಯೋಜಕ ನ್ಯಾಯಕ್ಕೆ ಅಪಾಯಕಾರಿ. ಇವೆರಡರ ನಡುವಿನ ಹಾದಿಯನ್ನು ಕಾಯಿದೆಯೊಂದೇ ಕಾಯಲಾರದು. ಅನ್ಯಾಯದ ಆಜ್ಞೆ ಬಂದಾಗ ಹುದ್ದೆಯನ್ನೇ ತೊರೆಯಬಲ್ಲ ಅಧಿಕಾರಿಗಳೂ, ಅದನ್ನು ಕಂಡು ಸುಮ್ಮನಿರದ ಪ್ರಜೆಗಳೂ ಇರಬೇಕು.